ಕಡಂಬುಟ್ಟು, ಜೇನು, ಯೂರಿಯಾ: ಜೈವಿಕ ಅಣುಗಳ ಬಣ್ಣ ನೋಡಿದ ಬಗೆ

ಮಡಿಕೇರಿಯಲ್ಲಿ ನೀರು 100 ಡಿಗ್ರಿಗೆ ಕುದಿಯುವುದಿಲ್ಲ. ಊರು ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಪ್ರತಿ 300 ಮೀಟರಿಗೆ ಹತ್ತಿರ ಹತ್ತಿರ ಒಂದು ಡಿಗ್ರಿ ಇಳಿಯುವುದರಿಂದ ಬೀಕರಿನಲ್ಲಿ ನೀರು ಎಷ್ಟೇ ಕುದಿದರೂ ಥರ್ಮಾಮೀಟರ್ 96ರ ಆಸುಪಾಸಿನಲ್ಲಿ ನಿಂತುಬಿಡುತ್ತದೆ. ಕುಶಾಲನಗರಕ್ಕೆ ಇಳಿದರೆ 97 ಸಿಗುತ್ತದೆ. ‘ಕುದಿಯುವ ನೀರಿನಲ್ಲಿ ಮೂರು ನಿಮಿಷ’ ಎಂದು ಕೈಪಿಡಿಯಲ್ಲಿ ಇರುವಲ್ಲೆಲ್ಲ ನಾವು ಐದು ನಿಮಿಷ ಇಡುತ್ತೇವೆ.

ಪ್ರಥಮ ಪಿಯುಸಿಯ ಜೈವಿಕ ಅಣುಗಳ ಪಾಠಕ್ಕೆಂದು ನಾವು ಹೊಂದಿಸಿಕೊಂಡ ಪ್ರಯೋಗಗಳ ವಿವರ ಇಲ್ಲಿದೆ. ಮಾಡಿದ್ದು ಕೊಡಗಿನ ಕಕ್ಕಡ ತಿಂಗಳಲ್ಲಿ, ಅಂದರೆ ಜುಲೈ–ಆಗಸ್ಟಿನ ಜಡಿಮಳೆಯಲ್ಲಿ. ಹೊರಗೆ ಮಳೆ, ಒಳಗೆ 19 ಡಿಗ್ರಿ, ಕರೆಂಟು ಬಂದರೆ ಬಂತು. ಬಿಸಿ ಮಾಡಲು ಸ್ಪಿರಿಟ್ ಲ್ಯಾಂಪನ್ನೇ ನೆಚ್ಚಿಕೊಂಡೆವು. ಪರೀಕ್ಷೆಗೆ ತಂದದ್ದು ಅಡುಗೆಮನೆ ಮತ್ತು ತೋಟದ ಸಾಮಾನು: ಕಡಂಬುಟ್ಟು (ಅಕ್ಕಿತರಿಯ ಉಂಡೆ ಕಡುಬು), ಬಾಳೆಕಾಯಿ, ಜೇನು, ಬೆಲ್ಲ, ಕೋಳಿಮೊಟ್ಟೆ, ಬೇಯಿಸಿದ ಬಿದಿರು ಕಳಲೆ, ಬೆಣ್ಣೆಹಣ್ಣು, ತೆಂಗಿನೆಣ್ಣೆ, ಹಂದಿ ಕೊಬ್ಬು, ಕಾಚಂಪುಳಿ (ಕೊಡಗಿನ ಕಪ್ಪು ಹುಳಿ), ಕಳೆದ ಕೊಯ್ಲಿನ ಕಾಫಿ ಪಾರ್ಚ್‌ಮೆಂಟ್ (ಒಳಸಿಪ್ಪೆ ಸಮೇತ ಒಣಗಿಸಿದ ಬೀಜ), ಮತ್ತು ಗೋದಾಮಿನಿಂದ ಒಂದು ಹಿಡಿ ಯೂರಿಯಾ.

ಜೀವಿಗಳ ದೇಹದಲ್ಲಿ ನೀರು ಬಿಟ್ಟರೆ ಉಳಿಯುವುದರ ಬಹುಪಾಲು ನಾಲ್ಕು ಕುಟುಂಬದ ಇಂಗಾಲದ ಅಣುಗಳು: ಕಾರ್ಬೋಹೈಡ್ರೇಟ್, ಪ್ರೋಟೀನ್, ಕೊಬ್ಬು, ನ್ಯೂಕ್ಲಿಕ್ ಆಮ್ಲ. ಇದು ಎಲ್ಲರಿಗೂ ಗೊತ್ತಿರುವ ಮಾತು. ಪ್ರಯೋಗಕ್ಕೆ ಇಳಿದಾಗ ಮರೆತುಹೋಗುವ ಮಾತು ಇನ್ನೊಂದಿದೆ. ಬಣ್ಣದ ಪರೀಕ್ಷೆಗೆ ‘ಪ್ರೋಟೀನ್’ ಗೊತ್ತಿಲ್ಲ, ‘ಸಕ್ಕರೆ’ಯೂ ಗೊತ್ತಿಲ್ಲ. ಅಣುವಿನಲ್ಲಿ ಯಾವುದೋ ಒಂದು ಬಂಧವೋ, ಒಂದು ಉಂಗುರವೋ, ಒಂದು ಸುರುಳಿಯೋ ಇದ್ದರೆ ಮಾತ್ರ ಅದು ಬಣ್ಣ ತೋರಿಸುತ್ತದೆ. ಆ ಗುರುತು ಬೇರೆ ವಸ್ತುವಿನಲ್ಲಿದ್ದರೂ ತೋರಿಸುತ್ತದೆ. ಇರಬೇಕಾದ ವಸ್ತುವಿನಲ್ಲಿ ಆ ಗುರುತು ಇಲ್ಲದಿದ್ದರೆ ಸುಮ್ಮನಿರುತ್ತದೆ. ಕೆಳಗಿನ ಎಡವಟ್ಟುಗಳಲ್ಲಿ ಅರ್ಧಕ್ಕರ್ಧ ಇದರಿಂದಲೇ ಆದವು. ಮಿಕ್ಕವು ಮಳೆಗಾಲದ ತೇವದಿಂದ.

ಮೊದಲು ದ್ರಾವಣಗಳು. ಪಿಷ್ಟ ಪತ್ತೆಗೆ ಬೇಕಾದ ಅಯೋಡಿನ್ ಹರಳು ಬರಿಯ ನೀರಿನಲ್ಲಿ ಕರಗುವುದೇ ಇಲ್ಲ ಎನ್ನಬಹುದು. 2 ಗ್ರಾಂ ಪೊಟ್ಯಾಸಿಯಂ ಅಯೋಡೈಡನ್ನು 10 ಮಿಲಿ ನೀರಿನಲ್ಲಿ ಕರಗಿಸಿ, ಆ ಗಟ್ಟಿ ದ್ರಾವಣಕ್ಕೆ 1 ಗ್ರಾಂ ಅಯೋಡಿನ್ ಹಾಕಿ ಪೂರ್ತಿ ಕರಗುವವರೆಗೆ ಕಲಕಿ, ಆಮೇಲೆ 100 ಮಿಲಿಗೆ ನೀರು ತುಂಬಬೇಕು. ಮೊದಲೇ ನೀರು ತುಂಬಿದರೆ ಹರಳು ತಳದಲ್ಲಿ ಹಾಗೇ ಕೂತಿರುತ್ತದೆ. ಬಳಸುವಾಗ ಒಂದು ಪಾಲಿಗೆ ನಾಲ್ಕು ಪಾಲು ನೀರು ಬೆರೆಸಿ ಹಾಲು ಹಾಕದ ಚಹಾದ ಬಣ್ಣಕ್ಕೆ ತಂದುಕೊಂಡೆವು. ದಟ್ಟವಾಗಿಯೇ ಹಾಕಿದರೆ ಕಂದೆಲ್ಲ ಕಪ್ಪಾಗಿ ಕಾಣುತ್ತದೆ, ತೀರ್ಪು ತಪ್ಪುತ್ತದೆ.

ಸಕ್ಕರೆ ಪತ್ತೆಗೆ ಬಳಸುವ ಬೆನೆಡಿಕ್ಟ್ ದ್ರಾವಣಕ್ಕೆ, ಅರ್ಧ ಲೀಟರಿನ ಲೆಕ್ಕದಲ್ಲಿ, 86.5 ಗ್ರಾಂ ಸೋಡಿಯಂ ಸಿಟ್ರೇಟ್ ಮತ್ತು 50 ಗ್ರಾಂ ನೀರಿನಂಶವಿಲ್ಲದ ಸೋಡಿಯಂ ಕಾರ್ಬೋನೇಟನ್ನು 400 ಮಿಲಿ ಬೆಚ್ಚನೆ ನೀರಿನಲ್ಲಿ ಕರಗಿಸಿ ತಣಿಸಬೇಕು. 8.65 ಗ್ರಾಂ ಮೈಲುತುತ್ತವನ್ನು (ತಾಮ್ರದ ಸಲ್ಫೇಟ್) ಬೇರೆ 50 ಮಿಲಿ ನೀರಿನಲ್ಲಿ ಕರಗಿಸಿ, ಕಲಕುತ್ತಾ ಸಣ್ಣಗೆ ಮೊದಲಿನದಕ್ಕೆ ಸುರಿಯಬೇಕು. ಸಿಟ್ರೇಟ್ ತಾಮ್ರವನ್ನು ಹಿಡಿದುಕೊಂಡಿರುವುದರಿಂದಲೇ ಅದು ಕಾರ್ಬೋನೇಟಾಗಿ ತಳಕ್ಕೆ ಇಳಿಯುವುದಿಲ್ಲ. ತೋಟದ ಬೋರ್ಡೋ ಮಿಶ್ರಣಕ್ಕೆ ತಂದ ಮೈಲುತುತ್ತ ಇದಕ್ಕೆ ಬೇಡ. ಅದರಲ್ಲಿ ಕಬ್ಬಿಣದ ಬೆರಕೆ ಇದ್ದರೆ ದ್ರಾವಣ ಮಾಸಲು ಹಸಿರಾಗುತ್ತದೆ, ಮುಂದೆ ಹಸಿರು ಕಂಡಾಗ ಅದು ಸಕ್ಕರೆಯಿಂದ ಬಂದದ್ದೋ ಬೆರಕೆಯಿಂದ ಬಂದದ್ದೋ ತಿಳಿಯುವುದಿಲ್ಲ.

ಕಾಸ್ಟಿಕ್ ಸೋಡಾದ ತೊಂದರೆಯೇ ಬೇರೆ. ಕಕ್ಕಡದ ಗಾಳಿಯಲ್ಲಿ ಡಬ್ಬಿ ತೆರೆದಿಟ್ಟರೆ ಗುಳಿಗೆಗಳು ತಕ್ಕಡಿಯ ಮೇಲೆಯೇ ಬೆವರಿ ಕರಗಲು ಶುರುಮಾಡುತ್ತವೆ. ನೀರನ್ನೂ ಸೇರಿಸಿ ತೂಕ ತೋರುವುದರಿಂದ 10 ಗ್ರಾಂ ಎಂದುಕೊಂಡದ್ದು 10 ಗ್ರಾಂ ಇರುವುದಿಲ್ಲ. ಮೊದಲು ಖಾಲಿ ಬೀಕರ್ ತೂಗಿಟ್ಟುಕೊಂಡು, ಡಬ್ಬಿ ತೆರೆದು, ಸುರಿದು, ಅರೆ ನಿಮಿಷದೊಳಗೆ ಮುಚ್ಚಿಬಿಡಬೇಕು. ಕರಗುವಾಗ ಬೀಕರ್ ಕೈ ಸುಡುವಷ್ಟು ಬಿಸಿಯಾಗುತ್ತದೆ. ಬೀಕರನ್ನು ತಣ್ಣೀರಿನ ತಟ್ಟೆಯಲ್ಲಿ ಇಟ್ಟು ಸ್ವಲ್ಪ ಸ್ವಲ್ಪವೇ ಹಾಕಬೇಕು, ಕಣ್ಣಿಗೆ ಕನ್ನಡಕ ಇರಲೇಬೇಕು.

ಪಿಷ್ಟದಿಂದ ಆರಂಭಿಸಿದೆವು. ಅಕ್ಕಿತರಿಯನ್ನು ತಣ್ಣೀರಿನಲ್ಲಿ ನೆನೆಸಿ ಅಯೋಡಿನ್ ಹಾಕಿದರೆ ಕಾಳಿನ ಮೈಮೇಲೆ ಮಾತ್ರ ನೀಲಿ, ಮೇಲಿನ ನೀರು ಹಳದಿಯಾಗಿಯೇ ಇರುತ್ತದೆ. ಬೆಂದ ಕಡಂಬುಟ್ಟನ್ನು ಚಾಕುವಿನಲ್ಲಿ ಸೀಳಿ ಒಳಮೈಗೆ ಒಂದು ಹನಿ ಬಿಟ್ಟರೆ ಕ್ಷಣದಲ್ಲಿ ಕಡುನೀಲಿ. ಅಕ್ಕಿಯ ಪಿಷ್ಟದ ಕಣಗಳು ಸುಮಾರು 65ರಿಂದ 78 ಡಿಗ್ರಿಯ ನಡುವೆ ನೀರು ಕುಡಿದು ಉಬ್ಬಿ ಒಡೆಯುತ್ತವೆ. ಆಗ ಪಿಷ್ಟದ ಒಂದು ಭಾಗವಾದ ಅಮೈಲೋಸಿನ ಉದ್ದನೆಯ ಸರಪಳಿಗಳು ಹೊರಗೆ ಬರುತ್ತವೆ. ಅವು ಸುರುಳಿ ಸುತ್ತಿಕೊಂಡಿರುತ್ತವೆ, ಆ ಸುರುಳಿಯ ಕೊಳವೆಯೊಳಗೆ ಅಯೋಡಿನ್ ಸಾಲಾಗಿ ಕೂತಾಗ ಬರುವುದು ಈ ನೀಲಿ. ಪಿಷ್ಟದ ಇನ್ನೊಂದು ಭಾಗವಾದ, ಕವಲು ಕವಲಾದ ಅಮೈಲೋಪೆಕ್ಟಿನ್‌ನಲ್ಲಿ ಅಷ್ಟುದ್ದದ ಸುರುಳಿ ಇಲ್ಲ, ಅದು ಕೆಂಪು ಮಿಶ್ರಿತ ನೇರಳೆ ಕೊಡುತ್ತದೆ. ಅಂಟಕ್ಕಿಯ ಅನ್ನ ನೀಲಿಯಾಗದೆ ಕಂದುಗೆಂಪಾಗಿ ನಿಲ್ಲುವುದು ಇದರಿಂದ, ಪಿಷ್ಟ ಕಡಿಮೆ ಇದೆ ಎಂದಲ್ಲ.

ಇಲ್ಲಿ ಆದ ಮೊದಲ ಎಡವಟ್ಟು ಬಿಸಿಯದು. ಗಂಜಿಯನ್ನು ಒಲೆಯಿಂದ ಇಳಿಸಿದ ಕೂಡಲೇ ಪ್ರನಾಳಕ್ಕೆ ಹಾಕಿ ಅಯೋಡಿನ್ ಬಿಟ್ಟರೆ ನೀಲಿ ಬರುವುದಿಲ್ಲ, ಬಂದರೂ ಕಣ್ಣೆದುರೇ ಮಾಯವಾಗುತ್ತದೆ. ‘ಸರ್, ಬಣ್ಣ ಹೋಯ್ತು’ ಎಂದು ಮಕ್ಕಳು ಪ್ರನಾಳ ತೊಳೆಯಲು ಹೊರಟಿದ್ದರು. ಬಿಸಿಗೆ ಸುರುಳಿ ಸಡಿಲವಾಗಿ ಅಯೋಡಿನ್ ಹೊರಬೀಳುತ್ತದೆ, ಅಷ್ಟೆ. ಪ್ರನಾಳವನ್ನು ನಲ್ಲಿ ನೀರಿನಡಿ ಹಿಡಿದರೆ ನೀಲಿ ಮರಳಿ ಬರುತ್ತದೆ. ಪಾಠದಲ್ಲಿ ಇದನ್ನು ಬೇಕೆಂದೇ ಮಾಡಿ ತೋರಿಸುವುದು ಒಳ್ಳೆಯದು. ಸುರುಳಿ ಬಿಚ್ಚುವುದನ್ನೂ ಸುತ್ತುವುದನ್ನೂ ಬರಿಗಣ್ಣಿಗೆ ಕಾಣಿಸುವ ಪ್ರಯೋಗ ಇದಕ್ಕಿಂತ ಅಗ್ಗದ್ದು ಬೇರೆ ಇಲ್ಲ.

ಎರಡನೆಯದು ಕಾಗದದ್ದು. ಕಾಗದ, ಬಿದಿರು, ಪಾರ್ಚ್‌ಮೆಂಟ್ ಸಿಪ್ಪೆ ಎಲ್ಲವೂ ಬಹುಪಾಲು ಸೆಲ್ಯುಲೋಸ್. ಸೆಲ್ಯುಲೋಸ್ ಕೂಡ ಗ್ಲೂಕೋಸಿನ ಸರಪಳಿಯೇ, ಆದರೆ ಗ್ಲೂಕೋಸ್‌ಗಳು ಬೀಟಾ ಬಂಧದಲ್ಲಿ ಒಂದು ಬಿಟ್ಟು ಒಂದು ಮಗುಚಿ ಜೋಡಿಸಿಕೊಂಡಿರುವುದರಿಂದ ಸರಪಳಿ ನೆಟ್ಟಗೆ ನಿಲ್ಲುತ್ತದೆ, ಸುರುಳಿಯಾಗುವುದಿಲ್ಲ, ಅಯೋಡಿನ್‌ಗೆ ಕೂರಲು ಜಾಗವಿಲ್ಲ. ಪಾರ್ಚ್‌ಮೆಂಟ್ ಸಿಪ್ಪೆ ಹೇಳಿದ ಹಾಗೆ ಹಳದಿಯಾಗಿಯೇ ಉಳಿಯಿತು. ನೋಟ್‌ಬುಕ್ಕಿನ ಹಾಳೆ ಮಾತ್ರ ಕಡುನೀಲಿಯಾಯಿತು. ತಪ್ಪು ಪಾಠದ್ದಲ್ಲ. ಶಾಯಿ ಹರಡದಿರಲೆಂದು ಬರೆಯುವ ಕಾಗದಕ್ಕೆ ಕಾರ್ಖಾನೆಯಲ್ಲೇ ಪಿಷ್ಟದ ಲೇಪ ಕೊಟ್ಟಿರುತ್ತಾರೆ. ಸೆಲ್ಯುಲೋಸಿನ ಮಾದರಿಗೆ ಫಿಲ್ಟರ್ ಪೇಪರೇ ಬೇಕು.

ಮೂರನೆಯದು ಕಿತ್ತಳೆಯದು. ಹಣ್ಣಿನ ರಸಕ್ಕೆ ಅಯೋಡಿನ್ ಹನಿಸಿದರೆ ಹಳದಿ ಬಣ್ಣವೂ ಉಳಿಯದೆ ತಿಳಿಯಾಗುತ್ತದೆ. ರಸದಲ್ಲಿರುವ ಸಿ ಜೀವಸತ್ವ ಅಯೋಡಿನ್ನನ್ನು ಅಯೋಡೈಡಾಗಿ ಇಳಿಸಿಬಿಡುತ್ತದೆ. ಆ ರಸಕ್ಕೆ ಗಂಜಿ ಬೆರೆಸಿ ನೋಡಿದರೂ ನೀಲಿ ಬರುವುದಿಲ್ಲ. ಹನಿ ಹನಿಯಾಗಿ ಹಾಕುತ್ತಾ ಹೋದರೆ ಜೀವಸತ್ವ ಮುಗಿದ ಮೇಲೆ ಒಮ್ಮೆಲೇ ನೀಲಿ ನಿಲ್ಲುತ್ತದೆ. ಆದ್ದರಿಂದ ಹುಳಿಹಣ್ಣಿನಲ್ಲಿ ಪಿಷ್ಟ ಹುಡುಕುವಾಗ ಒಂದೆರಡು ಹನಿಗೆ ನಿಲ್ಲಿಸಿ ‘ಇಲ್ಲ’ ಎಂದು ಬರೆಯಬಾರದು.

ಬಾಳೆಯಲ್ಲಿ ಪಿಷ್ಟ ಸಕ್ಕರೆಯಾಗುವುದನ್ನು ಒಂದೇ ಗೊನೆಯಲ್ಲಿ ನೋಡಬಹುದು. ಹಸಿರು ಕಾಯಿ, ಅರೆಹಣ್ಣು, ಕಳಿತ ಹಣ್ಣು ಮೂರರ ಬಿಲ್ಲೆಗಳನ್ನೂ ಅಯೋಡಿನ್‌ನಲ್ಲಿ ಅದ್ದಿ ಪಕ್ಕಪಕ್ಕ ಇಟ್ಟೆವು. ಕಾಯಿ ಪೂರ್ತಿ ಕಪ್ಪು, ಅರೆಹಣ್ಣಿನಲ್ಲಿ ಕಲೆ ಕಲೆ, ಕಳಿತದ್ದರಲ್ಲಿ ಹಳದಿ. ಕಾಯಿಯ ತಿರುಳಿನ ತೂಕದಲ್ಲಿ ಐದರಲ್ಲೊಂದು ಪಾಲಿನಷ್ಟು ಇರುವ ಪಿಷ್ಟ ಹಣ್ಣಾಗುವಷ್ಟರಲ್ಲಿ ಶೇ. 1–2ಕ್ಕೆ ಇಳಿದಿರುತ್ತದೆ. ಅದೇ ಮೂರನ್ನು ಬೆನೆಡಿಕ್ಟ್‌ಗೆ ಹಾಕಿದರೆ ಕ್ರಮ ತಿರುವುಮುರುವು.

ಗಂಜಿಯನ್ನು ಜೊಲ್ಲಿನಿಂದ ಜೀರ್ಣಿಸುವ ಪ್ರಯೋಗ ಮಳೆಗಾಲದಲ್ಲಿ ಹೆಚ್ಚಾಗಿ ಕೈಕೊಡುತ್ತದೆ. 1 ಗ್ರಾಂ ಪಿಷ್ಟವನ್ನು ತಣ್ಣೀರಿನಲ್ಲಿ ಕದಡಿ ಕುದಿಯುವ 100 ಮಿಲಿ ನೀರಿಗೆ ಸುರಿದು ತಣಿಸಿಕೊಂಡೆವು. ಬಾಯಿ ಮುಕ್ಕಳಿಸಿ ತೆಗೆದ 1 ಮಿಲಿ ಜೊಲ್ಲಿಗೆ 9 ಮಿಲಿ ನೀರು. 10 ಮಿಲಿ ಗಂಜಿಗೆ 1 ಮಿಲಿ ಈ ಜೊಲ್ಲುನೀರು ಹಾಕಿ, ನಿಮಿಷಕ್ಕೊಂದು ಹನಿ ತೆಗೆದು ಬಿಳಿ ಟೈಲ್ಸಿನ ಮೇಲಿಟ್ಟ ಅಯೋಡಿನ್ ಹನಿಗಳಿಗೆ ಮುಟ್ಟಿಸುತ್ತಾ ಹೋಗಬೇಕು. 37 ಡಿಗ್ರಿಯಲ್ಲಿ ನೀಲಿ, ನೇರಳೆ, ಕಂದುಗೆಂಪು, ಆಮೇಲೆ ಬಣ್ಣವೇ ಇಲ್ಲ ಎಂಬ ಮೆಟ್ಟಿಲುಗಳು ಕೆಲವೇ ನಿಮಿಷಗಳಲ್ಲಿ ಸಾಗುತ್ತವೆ. ಸರಪಳಿ ತುಂಡಾದಂತೆ ಸುರುಳಿ ಮೋಟಾಗುತ್ತದೆ, ಬಣ್ಣ ಅದನ್ನು ಹಿಂಬಾಲಿಸುತ್ತದೆ. ನಮ್ಮ 19 ಡಿಗ್ರಿಯ ಕೋಣೆಯಲ್ಲಿ ಮೇಜಿನ ಮೇಲೆ ಬಿಟ್ಟ ಪ್ರನಾಳ ಪಿರಿಯಡ್ ಮುಗಿದರೂ ನೀಲಿಯಾಗಿತ್ತು. ಬೆಚ್ಚನೆ ನೀರು ತುಂಬಿದ ದೊಡ್ಡ ಪಾತ್ರೆಯಲ್ಲಿ ಪ್ರನಾಳ ನಿಲ್ಲಿಸಿ, 35ಕ್ಕೆ ಇಳಿದಾಗಲೆಲ್ಲ ಬಿಸಿನೀರು ಬೆರೆಸಬೇಕು. ಪಕ್ಕದಲ್ಲಿ ಕುದಿಸಿ ತಣಿಸಿದ ಜೊಲ್ಲಿನದೊಂದು, ಒಂದು ಹನಿ ಕಾಚಂಪುಳಿ ಹಾಕಿದ್ದೊಂದು ಇಡಲೇಬೇಕು. ಕಿಣ್ವ ಪ್ರೋಟೀನಾದ್ದರಿಂದ ಕುದಿಸಿದಾಗ ಅದರ ಮಡಿಕೆ ಬಿಚ್ಚಿ ಕೆಲಸ ನಿಲ್ಲುತ್ತದೆ. ಹುಳಿಯಲ್ಲೂ ಈ ಕಿಣ್ವ ಸುಮ್ಮನಾಗುತ್ತದೆ, ಅದಕ್ಕೆ ಒಗ್ಗುವ ಪಿಎಚ್ 6.8ರ ಸುತ್ತಮುತ್ತಲಿನದು.

ಇನ್ನು ಸಕ್ಕರೆ. 5 ಮಿಲಿ ಬೆನೆಡಿಕ್ಟ್, ಎಂಟು ಹನಿ ಮಾದರಿ, ಕುದಿಯುವ ನೀರಿನಲ್ಲಿ ಐದು ನಿಮಿಷ. ಸಕ್ಕರೆ ಏರಿದಂತೆ ಹಸಿರು, ಹಳದಿ, ಕಿತ್ತಳೆ, ಇಟ್ಟಿಗೆ ಕೆಂಪು. ಜೇನನ್ನು ಹಾಗೇ ಹಾಕಬಾರದು. ಅದರಲ್ಲಿ ಫ್ರಕ್ಟೋಸ್ ಸುಮಾರು ಶೇ. 38, ಗ್ಲೂಕೋಸ್ ಸುಮಾರು ಶೇ. 31. ಇದ್ದ ತಾಮ್ರವೆಲ್ಲ ಖರ್ಚಾಗಿ ಎಲ್ಲ ಜೇನೂ ಒಂದೇ ಕೆಂಪಾಗುತ್ತದೆ. ನೂರು ಪಾಲು ನೀರಿಗೆ ಒಂದು ಪಾಲು ಹಾಕಿದಾಗ ಮಾತ್ರ ಹೋಲಿಸಲು ಬಂತು. ಈ ಪರೀಕ್ಷೆಯಿಂದ ಜೇನು ಶುದ್ಧವೋ ಅಲ್ಲವೋ ಹೇಳಲು ಆಗುವುದೇ ಇಲ್ಲ ಎಂಬುದನ್ನು ಒತ್ತಿ ಹೇಳಬೇಕು. ಕೊಡಗಿನಲ್ಲಿ ಜೇನು ಮಾರುವ ಅಂಗಡಿಗಳು ರಸ್ತೆಯುದ್ದಕ್ಕೂ ಇವೆ, ‘ಟೆಸ್ಟ್ ಮಾಡಿ ಕೊಡಿ’ ಎಂದು ಬಾಟಲಿ ಹಿಡಿದು ಬರುವವರಿದ್ದಾರೆ. ಗ್ಲೂಕೋಸ್ ಪಾಕ ಬೆರೆಸಿದ ಜೇನೂ ಇಟ್ಟಿಗೆ ಕೆಂಪೇ, ಬೆರೆಸದ ಜೇನೂ ಇಟ್ಟಿಗೆ ಕೆಂಪೇ.

ಬಿಳಿ ಸಕ್ಕರೆ ಐದು ನಿಮಿಷ ಬೆಂದರೂ ನೀಲಿಯಾಗಿಯೇ ಇತ್ತು. ಸುಕ್ರೋಸಿನಲ್ಲಿ ಗ್ಲೂಕೋಸ್ ಮತ್ತು ಫ್ರಕ್ಟೋಸ್ ತಮ್ಮ ತಮ್ಮ ತಾಮ್ರ ಅಪಕರ್ಷಿಸುವ ತುದಿಗಳಿಂದಲೇ ಬೆಸೆದುಕೊಂಡಿವೆ, ಹೊರಗೆ ಏನೂ ಉಳಿದಿಲ್ಲ. ಬೆಲ್ಲ ಮಾತ್ರ ಕಿತ್ತಳೆಗೆ ಹೋಗುತ್ತದೆ, ಕಬ್ಬಿನ ಹಾಲು ಕಾಯುವಾಗ ಒಂದಷ್ಟು ಸುಕ್ರೋಸ್ ಒಡೆದಿರುತ್ತದೆ. ಸಕ್ಕರೆ ನೀರಿಗೆ ಎರಡು ಹನಿ ಗಾಢ ಹೈಡ್ರೋಕ್ಲೋರಿಕ್ ಆಮ್ಲ ಹಾಕಿ ಐದು ನಿಮಿಷ ಕುದಿಸಿ, ಅಡುಗೆ ಸೋಡಾವನ್ನು ನೊರೆ ನಿಲ್ಲುವವರೆಗೆ ಚಿಟಿಕೆ ಚಿಟಿಕೆ ಹಾಕಿ, ಆಮೇಲೆ ಪರೀಕ್ಷಿಸಿದರೆ ಇಟ್ಟಿಗೆ ಕೆಂಪು. ಸೋಡಾದ ಹಂತ ಬಿಟ್ಟವರ ಪ್ರನಾಳಗಳೆಲ್ಲ ನೀಲಿಯಾಗಿ ಉಳಿದವು. ಬೆನೆಡಿಕ್ಟ್‌ಗೆ ಕ್ಷಾರ ಬೇಕು, ಆಮ್ಲ ಅದನ್ನು ತಿಂದುಹಾಕುತ್ತದೆ.

ಕಾಚಂಪುಳಿಯಲ್ಲಿ ಆದದ್ದೂ ಅದೇ. ಪಣಪುಳಿ ಹಣ್ಣಿನ ರಸ ಕಾಯಿಸಿ ಇಳಿಸಿದ ಈ ಕಪ್ಪು ಹುಳಿಯನ್ನು ಬೆನೆಡಿಕ್ಟ್‌ಗೆ ಹನಿಸಿದಾಗ ಬುಸ್ಸೆಂದು ನೊರೆ ಎದ್ದಿತು, ಬಣ್ಣ ಕದಲಲಿಲ್ಲ. ಇದರ ಮುಖ್ಯ ಆಮ್ಲ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಎಂಬುದನ್ನು ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ಲೂಯಿಸ್ ಮತ್ತು ನೀಲಕಂಠನ್ 1965ರಲ್ಲಿ ಪ್ರಕಟಿಸಿದರು. ಬೆನೆಡಿಕ್ಟ್‌ನಲ್ಲಿರುವ ಸಿಟ್ರೇಟಿನ ಒಡಹುಟ್ಟು ಇದು, ಒಂದು ಹೈಡ್ರಾಕ್ಸಿಲ್ ಗುಂಪು ಹೆಚ್ಚಿಗೆ, ಅಷ್ಟೇ ವ್ಯತ್ಯಾಸ. ಒಂದು ಹನಿಯನ್ನು 5 ಮಿಲಿ ನೀರಿನಲ್ಲಿ ಕದಡಿ, ಅಡುಗೆ ಸೋಡಾದಿಂದ ಹುಳಿ ಮುರಿದು, ಲಿಟ್ಮಸ್ ಕಾಗದದಲ್ಲಿ ನೋಡಿಕೊಂಡ ಮೇಲೆ ಬರುವ ಬಣ್ಣವನ್ನು ಮಾತ್ರ ನಂಬಬೇಕು.

ಪ್ರೋಟೀನಿಗೆ ಬೈಯುರೆಟ್ ಪರೀಕ್ಷೆ. ಒಂದು ಮೊಟ್ಟೆಯ ಬಿಳಿಯನ್ನು 100 ಮಿಲಿ ನೀರಿಗೆ ಹಾಕಿ ಒಂದು ಚಿಟಿಕೆ ಉಪ್ಪು ಸೇರಿಸಿ ಕದಡಿ ಬಟ್ಟೆಯಲ್ಲಿ ಸೋಸಿದೆವು. ಉಪ್ಪಿಲ್ಲದೆ ಅದರ ಗ್ಲೋಬ್ಯುಲಿನ್ ಪ್ರೋಟೀನುಗಳು ಒಡೆದ ಹಾಲಿನಂತೆ ಬೇರ್ಪಡುತ್ತವೆ. 2 ಮಿಲಿ ಮಾದರಿಗೆ ಶೇ. 10ರ ಕಾಸ್ಟಿಕ್ ಸೋಡಾ 2 ಮಿಲಿ, ಕಲಕಿದ ಮೇಲೆ ಶೇ. 1ರ ಮೈಲುತುತ್ತದ ದ್ರಾವಣ ಎರಡೇ ಹನಿ. ನೇರಳೆ ಬರಬೇಕು. ಹನಿ ಎಣಿಸದೆ ಸುರಿದವರಿಗೆ ಬಂದದ್ದು ತಿಳಿನೀಲಿ ಮಡ್ಡಿ. ಅದು ತಾಮ್ರದ ಹೈಡ್ರಾಕ್ಸೈಡ್. ಕರಿಮೆಣಸಿನ ಬಳ್ಳಿಗೆ ಹೊಡೆಯುವ ಬೋರ್ಡೋ ಮಿಶ್ರಣಕ್ಕೆ ನೀಲಿ ಕೊಡುವುದೂ ಬಹುಮಟ್ಟಿಗೆ ಅದೇ, ಅಲ್ಲಿ ಸುಣ್ಣ, ಇಲ್ಲಿ ಕಾಸ್ಟಿಕ್ ಸೋಡಾ. ತೋಟದ ಮನೆಯ ಮಕ್ಕಳು ಅದನ್ನು ಕಂಡೊಡನೆ ಗುರುತು ಹಿಡಿಯುತ್ತಾರೆ. ಈ ನೀಲಿ ನೇರಳೆಯನ್ನು ಮುಚ್ಚಿಬಿಡುವುದರಿಂದ ತಾಮ್ರ ಕಡಿಮೆ ಇದ್ದಷ್ಟೂ ಒಳ್ಳೆಯದು.

ಬೈಯುರೆಟ್ ಎಂಬ ಹೆಸರು ಎಲ್ಲಿಂದ ಬಂತೆಂದು ತೋರಿಸಲು ಯೂರಿಯಾ ತಂದಿದ್ದೆವು. ಒಣಗಿದ ಪ್ರನಾಳದಲ್ಲಿ 1 ಗ್ರಾಂ ಯೂರಿಯಾವನ್ನು ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ 133 ಡಿಗ್ರಿಯಲ್ಲಿ ಕರಗುತ್ತದೆ, ಇನ್ನೂ ಕಾಯಿಸಿದಂತೆ ಅಮೋನಿಯಾದ ಘಾಟು ಬರುತ್ತದೆ. ಎರಡು ಯೂರಿಯಾ ಅಣುಗಳು ಒಂದು ಅಮೋನಿಯಾ ಬಿಟ್ಟುಕೊಟ್ಟು ಬೆಸೆದುಕೊಳ್ಳುತ್ತವೆ. ಹಾಗೆ ಹುಟ್ಟಿದ್ದೇ ಬೈಯುರೆಟ್. ಕರಗಿದ್ದು ಮಬ್ಬಾಗಿ ಗಟ್ಟಿಯಾಗಲು ಶುರುವಾದೊಡನೆ ಉರಿ ತೆಗೆಯಬೇಕು, ಮೀರಿ ಕಾಯಿಸಿದರೆ ನೀರಿನಲ್ಲಿ ಸರಿಯಾಗಿ ಕರಗದ ಸಯನ್ಯೂರಿಕ್ ಆಮ್ಲ ಉಳಿಯುತ್ತದೆ. ತಣಿದ ಮೇಲೆ 3 ಮಿಲಿ ಬೆಚ್ಚನೆ ನೀರು, ಕಾಸ್ಟಿಕ್ ಸೋಡಾ, ಒಂದು ಹನಿ ಮೈಲುತುತ್ತ. ಗುಲಾಬಿ ಛಾಯೆಯ ನೇರಳೆ! ಮೊಟ್ಟೆಯಿಲ್ಲ, ಮಾಂಸವಿಲ್ಲ, ಪ್ರೋಟೀನಿನ ಸುಳಿವೂ ಇಲ್ಲ. ತಾಮ್ರ ಹಿಡಿದದ್ದು ಹತ್ತಿರ ಹತ್ತಿರ ಇರುವ ಎರಡು ಅಮೈಡ್ ಕಟ್ಟುಗಳ ನೈಟ್ರೋಜನ್ನುಗಳನ್ನು. ಪ್ರೋಟೀನಿನಲ್ಲಿ ಪೆಪ್ಟೈಡ್ ಬಂಧದ ರೂಪದಲ್ಲಿ ಸಾಲುಸಾಲಾಗಿ ಇರುವುದೂ ಇಂಥವೇ ಕಟ್ಟುಗಳು. ಬಿಡಿ ಅಮೈನೋ ಆಮ್ಲದಲ್ಲಿ ಈ ಬಂಧವೇ ಇಲ್ಲ, ಅದು ನೇರಳೆ ಕೊಡುವುದಿಲ್ಲ. ಗೊಬ್ಬರದ ಯೂರಿಯಾಕ್ಕೆ 2015ರಿಂದ ಬೇವಿನೆಣ್ಣೆಯ ಲೇಪ ಇರುವುದರಿಂದ ಮೇಲೆ ಜಿಡ್ಡು ತೇಲುತ್ತದೆ, ಲ್ಯಾಬಿನ ಯೂರಿಯಾ ಸಿಕ್ಕರೆ ಅದೇ ವಾಸಿ. ಬೈಯುರೆಟ್ ಪ್ಲಾಂಟರುಗಳಿಗೆ ಹೊಸ ಹೆಸರಲ್ಲ. ಕಾಫಿ, ಕಿತ್ತಳೆ ಗಿಡಗಳ ಎಲೆಗೆ ಅದು ಆಗುವುದಿಲ್ಲ, ಗೊಬ್ಬರದಲ್ಲಿ ಶೇ. 1.5 ಮೀರಬಾರದೆಂದು ನಿಯಮವೇ ಇದೆ.

ಯೂರಿಯಾಕ್ಕೆ ಈ ಪಾಠದಲ್ಲಿ ಇನ್ನೊಂದು ಹಕ್ಕೂ ಇದೆ. ಜೀವಿಗಳ ದೇಹದಲ್ಲಿ ಮಾತ್ರ ಹುಟ್ಟುತ್ತದೆ ಎಂದುಕೊಂಡಿದ್ದ ಈ ಅಣುವನ್ನು ಫ್ರೆಡ್ರಿಕ್ ವೋಲರ್ 1828ರಲ್ಲಿ ಅಮೋನಿಯಂ ಸಯನೇಟಿನಿಂದ ಪ್ರಯೋಗಾಲಯದಲ್ಲಿ ಪಡೆದರು. ಗೊಬ್ಬರದ ಚೀಲದಲ್ಲಿರುವುದೂ ಮೂತ್ರದಲ್ಲಿರುವುದೂ ಒಂದೇ ಅಣು ಎಂಬ ಮಾತು ಅಲ್ಲಿಂದ ಆರಂಭ.

ಕಳಲೆ ನಮಗೆ ತುಂಬಾ ಕಲಿಸಿತು. ಎಳೆ ಬಿದಿರಿನಲ್ಲಿ ಟ್ಯಾಕ್ಸಿಫಿಲಿನ್ ಎಂಬ, ಸಯನೈಡ್ ಬಿಡುವ ಅಣು ಇದೆ. ಹೆಚ್ಚಿ, ನೀರು ಬದಲಿಸುತ್ತಾ ನೆನೆಸಿ, ಬೇಯಿಸಿ ನೀರು ಚೆಲ್ಲುವ ಮನೆಯ ಕ್ರಮ ಅದನ್ನು ಒಡೆದು ಹೊರಹಾಕುವುದಕ್ಕೇ ಇದೆ, ಹಸಿ ಕಳಲೆಯನ್ನು ಪಾಠಕ್ಕೆಂದು ಯಾರೂ ರುಚಿ ನೋಡಬಾರದು. ಬೇಯಿಸಿ ತಣಿಸಿದ ಕಳಲೆಯ ಗೆಣ್ಣುಗಳ ಸಂದಿನಲ್ಲಿ ಬಿಳಿ ಪುಡಿ ಕೂರುತ್ತದೆ. ಬೂಷ್ಟು ಎಂದು ಎಸೆಯುವವರಿದ್ದಾರೆ. ಅದು ಟೈರೋಸಿನ್ ಎಂಬ ಅಮೈನೋ ಆಮ್ಲ, ತಣ್ಣೀರಿನಲ್ಲಿ ಕರಗದೆ ಹರಳಾಗಿ ಹೊರಬಂದದ್ದು. ಪುಡಿಯನ್ನು ಕೆರೆದು ಎರಡು ಪ್ರನಾಳಕ್ಕೆ ಹಂಚಿದೆವು. ಬೈಯುರೆಟ್‌ನಲ್ಲಿ ನೇರಳೆ ಇಲ್ಲ. ಇನ್ನೊಂದಕ್ಕೆ ಅರ್ಧ ಮಿಲಿ ಗಾಢ ನೈಟ್ರಿಕ್ ಆಮ್ಲ ಹಾಕಿ ಬಿಸಿ ಮಾಡಿದರೆ ಹಳದಿ, ತಣಿಸಿ ಕಾಸ್ಟಿಕ್ ಸೋಡಾ ನಿಧಾನವಾಗಿ ಸೇರಿಸಿದರೆ ಕಿತ್ತಳೆ. ಈ ಪರೀಕ್ಷೆ ನೋಡುವುದು ಟೈರೋಸಿನ್, ಟ್ರಿಪ್ಟೊಫ್ಯಾನ್‌ಗಳಲ್ಲಿರುವ ಬೆಂಜೀನ್ ಉಂಗುರವನ್ನು. ಅಂಗಡಿಯ ಜೆಲಟಿನ್‌ನಲ್ಲಿ ಎಲ್ಲ ತಲೆಕೆಳಗು: ಬೈಯುರೆಟ್ ಚೆನ್ನಾಗಿ ನೇರಳೆ, ನೈಟ್ರಿಕ್ ಆಮ್ಲದಲ್ಲಿ ಹಳದಿ ಬಂದೂ ಬಾರದ ಹಾಗೆ. ಅದು ಪಕ್ಕಾ ಪ್ರೋಟೀನ್, ಆದರೆ ಟ್ರಿಪ್ಟೊಫ್ಯಾನ್ ಇಲ್ಲ, ಟೈರೋಸಿನ್ ಅತ್ಯಲ್ಪ. ಮೊಟ್ಟೆ, ಕಳಲೆಯ ಪುಡಿ, ಜೆಲಟಿನ್ ಮೂರಕ್ಕೂ ಎರಡೆರಡು ಪ್ರನಾಳ ಸಾಲಾಗಿ ಇಟ್ಟರೆ ವಿವರಣೆಯೇ ಬೇಡ. ಗಾಢ ನೈಟ್ರಿಕ್ ಆಮ್ಲ ಚರ್ಮಕ್ಕೆ ತಾಗಿದರೂ ಅದೇ ಹಳದಿ ಬರುತ್ತದೆ, ಚರ್ಮವೂ ಪ್ರೋಟೀನೇ. ಆಮ್ಲವನ್ನು ಹನಿಸುವ ಕೆಲಸ ಮಕ್ಕಳಿಗೆ ಕೊಡಲಿಲ್ಲ.

ಕೊಬ್ಬಿಗೆ ಕಾಗದದ ಮೇಲಿನ ಜಿಡ್ಡುಕಲೆ ಸಾಕು ಎನ್ನುತ್ತಾರೆ. ಕಕ್ಕಡದಲ್ಲಿ ಸಾಲದು. ತೇವದ ಕಾಗದದಲ್ಲಿ ನೀರಿನ ಕಲೆ ಗಂಟೆಗಟ್ಟಲೆ ಒಣಗುವುದಿಲ್ಲ, ಸೌತೆಕಾಯಿಯಲ್ಲೂ ಕೊಬ್ಬು ಇದೆ ಎಂದು ಬರೆಯಬೇಕಾಗುತ್ತದೆ. ಬದಲಿಗೆ, ಜಜ್ಜಿದ ಮಾದರಿಗೆ 3 ಮಿಲಿ ಎಥನಾಲ್ ಹಾಕಿ ಕುಲುಕಿ, ತಿಳಿಯನ್ನು ಅಷ್ಟೇ ನೀರಿಗೆ ಬಸಿಯಬೇಕು. ಕೊಬ್ಬಿದ್ದರೆ ನೀರು ಹಾಲಿನಂತಾಗುತ್ತದೆ. ಬೆಣ್ಣೆಹಣ್ಣಿನಲ್ಲಿ ದಟ್ಟ ಬಿಳಿ, ಹಸಿ ಕಾಫಿಬೀಜದ ಪುಡಿಯಲ್ಲೂ ಸ್ಪಷ್ಟ ಬಿಳಿ. ಅರೇಬಿಕಾ ಬೀಜದ ತೂಕದಲ್ಲಿ ಶೇ. 15ರಷ್ಟು ಕೊಬ್ಬೇ. ಪಾತ್ರೆಯಲ್ಲಿ ತೇವವಿದ್ದರೆ ಎಥನಾಲ್ ತೆಳುವಾಗಿ ಕೊಬ್ಬನ್ನು ಎಳೆದುಕೊಳ್ಳುವುದಿಲ್ಲ, ಪ್ರನಾಳ ಪೂರ್ತಿ ಒಣಗಿರಲಿ.

ತೆಂಗಿನೆಣ್ಣೆ ಇಲ್ಲಿ ಮಳೆಗಾಲವಿಡೀ ಬಾಟಲಿಯಲ್ಲಿ ಹೆಪ್ಪುಗಟ್ಟಿರುತ್ತದೆ, 24–25 ಡಿಗ್ರಿ ದಾಟಿದರೆ ಕರಗುತ್ತದೆ. ಹಂದಿ ಕೊಬ್ಬು ಕರಗಲು 30 ಡಿಗ್ರಿಗಿಂತ ಹೆಚ್ಚು ಬೇಕು. ಹಾಗಾದರೆ ಹಂದಿ ಕೊಬ್ಬೇ ಹೆಚ್ಚು ಸಂತೃಪ್ತ (ಸ್ಯಾಚುರೇಟೆಡ್) ಎಂದು ಎಲ್ಲರೂ ಹೇಳುತ್ತಾರೆ. ಲೆಕ್ಕ ಉಲ್ಟಾ. ತೆಂಗಿನೆಣ್ಣೆಯ ಕೊಬ್ಬಿನಾಮ್ಲಗಳಲ್ಲಿ ಶೇ. 90ರಷ್ಟು ಸಂತೃಪ್ತ, ಹಂದಿ ಕೊಬ್ಬಿನಲ್ಲಿ ಸುಮಾರು ಶೇ. 40 ಮಾತ್ರ. ತೆಂಗಿನೆಣ್ಣೆ ಬೇಗ ಕರಗುವುದು ಅದರ ಸರಪಳಿ ಗಿಡ್ಡವಾದ್ದರಿಂದ: ಅರ್ಧದಷ್ಟು ಪಾಲು 12 ಇಂಗಾಲದ ಲಾರಿಕ್ ಆಮ್ಲ, ಹಂದಿ ಕೊಬ್ಬಿನಲ್ಲಿ 16 ಮತ್ತು 18 ಇಂಗಾಲದವು. ಸಾಬೂನು ಮಾಡಿದರೆ ಇದು ತೂಕದಲ್ಲೇ ಸಿಗುತ್ತದೆ. 100 ಗ್ರಾಂ ತೆಂಗಿನೆಣ್ಣೆಗೆ ಸುಮಾರು 18 ಗ್ರಾಂ ಕಾಸ್ಟಿಕ್ ಸೋಡಾ ಬೇಕು, 100 ಗ್ರಾಂ ಹಂದಿ ಕೊಬ್ಬಿಗೆ ಸುಮಾರು 14 ಸಾಕು. ಸರಪಳಿ ಗಿಡ್ಡವಾದರೆ ಅದೇ ತೂಕದಲ್ಲಿ ಅಣುಗಳು ಹೆಚ್ಚು, ಪ್ರತಿಯೊಂದಕ್ಕೂ ಸೋಡಾ ಬೇಕು.

ಕೊನೆಗೆ ನ್ಯೂಕ್ಲಿಕ್ ಆಮ್ಲ. ಡಿಎನ್ಎಗೆ ಬಾಳೆಹಣ್ಣು ಎಂದು ಎಲ್ಲ ಕಡೆ ಹೇಳುತ್ತಾರೆ. ನಮಗದು ಒಗ್ಗಲಿಲ್ಲ, ಹಣ್ಣಿನ ಅಂಟು ಕಾರ್ಬೋಹೈಡ್ರೇಟಾದ ಪೆಕ್ಟಿನ್ ಲೋಳೆ ಲೋಳೆಯಾಗಿ ಎದ್ದು ಬಂದು ಡಿಎನ್ಎ ಎಂದು ಭ್ರಮೆ ಹುಟ್ಟಿಸುತ್ತದೆ. ಕಾಫಿ ಹಣ್ಣಿನ ಬೀಜಕ್ಕೆ ಅಂಟಿಕೊಳ್ಳುವ, ಪಲ್ಪರ್ ಯಂತ್ರದಲ್ಲಿ ಸಿಪ್ಪೆ ಸುಲಿದ ಮೇಲೆ ಅರೇಬಿಕಾವನ್ನು 24–36 ಗಂಟೆ ಹುಳಿಯಲು ಬಿಟ್ಟು ಕಳಚಬೇಕಾದ ಆ ಲೋಳೆಯಲ್ಲಿರುವುದೂ ಪೆಕ್ಟಿನ್ನೇ. ಈರುಳ್ಳಿ ಮೇಲು. 90 ಮಿಲಿ ನೀರು, 10 ಮಿಲಿ ಪಾತ್ರೆ ತೊಳೆಯುವ ದ್ರವ, 3 ಗ್ರಾಂ ಉಪ್ಪು. ಇದರಲ್ಲಿ 50 ಗ್ರಾಂ ಸಣ್ಣಗೆ ಹೆಚ್ಚಿದ ಈರುಳ್ಳಿ ಹಾಕಿ 60 ಡಿಗ್ರಿ ನೀರಿನಲ್ಲಿ 15 ನಿಮಿಷ ಇಟ್ಟು, ಕೂಡಲೇ ಐಸಿನಲ್ಲಿ ತಣಿಸಬೇಕು. ಸೋಪು ಕೋಶದ ಕೊಬ್ಬಿನ ಪೊರೆಗಳನ್ನು ಬಿಡಿಸುತ್ತದೆ, ಉಪ್ಪಿನ ಸೋಡಿಯಂ ಡಿಎನ್ಎಯ ಫಾಸ್ಫೇಟುಗಳ ಋಣ ವಿದ್ಯುದಾವೇಶವನ್ನು ತಗ್ಗಿಸಿ ಎಳೆಗಳು ಒಂದಕ್ಕೊಂದು ಹತ್ತಿರ ಬರಲು ಬಿಡುತ್ತದೆ, ಶಾಖ ಡಿಎನ್ಎ ಕಡಿಯುವ ಕಿಣ್ವಗಳನ್ನು ಹಿಡಿದಿಡುತ್ತದೆ. ಮಿಕ್ಸಿಯಲ್ಲಿ ಐದು ಸೆಕೆಂಡು, ಹೆಚ್ಚಾದರೆ ಎಳೆ ಪುಡಿಯಾಗಿ ಸುತ್ತಲು ಏನೂ ಸಿಗದು. ಸೋಸಿದ ರಸಕ್ಕೆ ನಾಲ್ಕು ಹನಿ ಅನಾನಸ್ ರಸ, ಅದರ ಕಿಣ್ವ ಪ್ರೋಟೀನನ್ನು ಕಡಿಯುತ್ತದೆ. ಆಮೇಲೆ ಐಸಿನಲ್ಲಿಟ್ಟ ಶೇ. 95ರ ಎಥನಾಲನ್ನು ಪ್ರನಾಳ ಓರೆ ಹಿಡಿದು ಗೋಡೆಯ ಮೇಲಿಂದ ಜಾರಿಸಿ, ಅಲುಗಾಡಿಸದೆ ಹತ್ತು ನಿಮಿಷ ಬಿಡಬೇಕು. ಎರಡು ಪದರ ಸೇರುವಲ್ಲಿ ಬಿಳಿ ನೂಲು ಏಳುತ್ತದೆ. ಕರೆಂಟು ಹೋಗಿ ಎಥನಾಲ್ ಬೆಚ್ಚಗಾಗಿದ್ದ ದಿನ ಬಿಳಿ ಮಬ್ಬು ಮಾತ್ರ ಬಂತು. ಸ್ಯಾನಿಟೈಸರ್ ಜೆಲ್‌ನಿಂದ ಪ್ರಯತ್ನಿಸಿ ಪ್ರಯೋಜನವಿಲ್ಲ.

ನೂಲು ಬಂದ ಮಾತ್ರಕ್ಕೆ ಡಿಎನ್ಎ ಎನ್ನಲಾಗದು, ಖಾತ್ರಿಗೆ ಡೈಫಿನೈಲಮೀನ್ ಇದೆ. 1 ಗ್ರಾಂ ಡೈಫಿನೈಲಮೀನನ್ನು 100 ಮಿಲಿ ಗ್ಲೇಸಿಯಲ್ ಅಸಿಟಿಕ್ ಆಮ್ಲದಲ್ಲಿ ಕರಗಿಸಿ 2 ಮಿಲಿ ಗಾಢ ಗಂಧಕಾಮ್ಲ ಸೇರಿಸಿದ ದ್ರಾವಣ ಅದು. ಕಡ್ಡಿಯಲ್ಲಿ ಸುತ್ತಿ ತೆಗೆದ ನೂಲನ್ನು 2 ಮಿಲಿ ನೀರಿಗೆ ಹಾಕಿ, ಇದನ್ನು 4 ಮಿಲಿ ಸೇರಿಸಿ, ಕಿಟಕಿ ತೆರೆದ ಕಡೆ ಹತ್ತು ನಿಮಿಷ ಕುದಿನೀರಿನಲ್ಲಿಟ್ಟೆವು. ಡಿಎನ್ಎಯ ಸಕ್ಕರೆಯಾದ ಡಿಆಕ್ಸಿರೈಬೋಸ್ ಇದ್ದರೆ ನೀಲಿ. ಈರುಳ್ಳಿಯದು ತೆಳುನೀಲಿಯಾಯಿತು, ಬಾಳೆಯ ಲೋಳೆಯಲ್ಲಿ ನೀಲಿ ಗುರುತಿಸಲಾಗಲಿಲ್ಲ.

ಮುಗಿದ ಮೇಲೆ ತಾಮ್ರದ ದ್ರಾವಣಗಳನ್ನು ಸಿಂಕಿಗೆ ಚೆಲ್ಲಬಾರದು. ಅದು ತೋಡಿಗೆ ಹೋಗುತ್ತದೆ, ತಾಮ್ರ ಮೀನಿಗೆ ವಿಷ. ಸೋಡಾ ಹಾಕಿ ತಳಕ್ಕಿಳಿಸುವ ಉಪಾಯ ಬೆನೆಡಿಕ್ಟ್‌ಗೆ ನಡೆಯುವುದಿಲ್ಲ, ಸಿಟ್ರೇಟ್ ಬಿಟ್ಟುಕೊಡುವುದಿಲ್ಲ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಒಟ್ಟು ಮಾಡಿ, ನೊರೆ ನಿಲ್ಲುವವರೆಗೆ ದುರ್ಬಲ ಆಮ್ಲ ಸೇರಿಸಿ ತುಸು ಹುಳಿಯಾಗಿಸಿ, ಕಬ್ಬಿಣದ ನಾರಿನ ಉಂಡೆ ಹಾಕಿ ರಾತ್ರಿಯಿಡೀ ಬಿಟ್ಟರೆ ತಾಮ್ರ ಕೆಂಪಗೆ ಅದರ ಮೇಲೆ ಕೂರುತ್ತದೆ. ಪ್ರನಾಳದ ಒಳಗೋಡೆಗೆ ಅಂಟಿದ ಇಟ್ಟಿಗೆ ಬಣ್ಣದ ಕಲೆ ಬ್ರಷ್ಷಿಗೆ ಬಗ್ಗುವುದಿಲ್ಲ, ತೆಳು ನೈಟ್ರಿಕ್ ಆಮ್ಲ ನಾಲ್ಕು ಹನಿ ಸಾಕು. ಕಾಸ್ಟಿಕ್ ಸೋಡಾ ಬಾಟಲಿಗೆ ಗಾಜಿನ ಮುಚ್ಚಳ ಹಾಕಿದರೆ ಕಚ್ಚಿಕೊಂಡು ಮುಂದಿನ ವರ್ಷ ಬಿಡುವುದಿಲ್ಲ, ರಬ್ಬರ್ ಬಿರಡೆ ಹಾಕಬೇಕು. ಅಯೋಡಿನ್‌ಗೆ ಕಂದು ಬಾಟಲಿ, ಗಾಜಿನದೇ ಬಿರಡೆ.